ಸುಣ್ಣ ಸೋಡ ಹಚ್ಚಿದ ದೋಣಿ

ಎರಡನೇ ಕೋಟು ಮುಕ್ಕಾಲು ಪಾಲು ಮುಗಿದಿತ್ತು. ಹಿತ್ತಿಲಲ್ಲಿ ಮೂರು ಹಳೆಯ ಲಾರಿ ಟೈರುಗಳ ಮೇಲೆ ದೋಣಿ ಬೋರಲಾಗಿ ಮಲಗಿತ್ತು. ನರಸಿಂಹಮ್ಮ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿಕೊಂಡು ಅದರ ತಳದ ಮೇಲೆ ಉದ್ದುದ್ದಕ್ಕೆ ಎಳೆಯುತ್ತಿದ್ದಳು. ಒಂದೇ ಡಬ್ಬಿಯಲ್ಲಿ ಮುಗಿಸಬೇಕಿತ್ತು, ಹಾಗಾಗಿ ಟರ್ಪಂಟೈನ್ ಸ್ವಲ್ಪ ಧಾರಾಳವಾಗಿಯೇ ಬೆರೆಸಿದ್ದಳು. ಬಿಸಿಲೇರುವ ಮೊದಲು ಮುಗಿಸಿದರೆ ಮಧ್ಯಾಹ್ನಕ್ಕೆ ಒಣಗೀತು, ಸಂಜೆಗೆ ಮಗುಚಿ ಒಳಭಾಗಕ್ಕೆ ಕೈ ಹಾಕಬಹುದು ಎಂದು ಲೆಕ್ಕ ಹಾಕುತ್ತಿದ್ದಳು.

ಎಲ್ಲಿಂದಲೋ ಹಾರಿ ಬಂದ ಬೇವಿನ ಎಲೆಯೊಂದು ಹಸಿ ಬಣ್ಣಕ್ಕೆ ಅಂಟಿಕೊಂಡಿತು. ಅದನ್ನು ಉಗುರಿನಿಂದ ಎತ್ತಲು ಹೋಗಿ ಹೆಬ್ಬೆರಳನ್ನು ಪಕ್ಕದಲ್ಲಿ ಊರಿದಳು. ತಗಡು ಟಕ್ ಎಂದು ಒಳಗೆ ಹೋಯಿತು. ಬೆರಳು ತೆಗೆದಳು. ಟಕ್ ಎಂದು ಹೊರಗೆ ಬಂತು.

ಅವಳು ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟಳು. ಒಂದು ಮೊಳ ಆಚೆ ಒತ್ತಿ ನೋಡಿದಳು, ಗಟ್ಟಿಯಾಗಿತ್ತು. ಮೂತಿಯ ಕಡೆ ಒತ್ತಿದಳು, ಅಲ್ಲಿಯೂ ಗಟ್ಟಿ. ಮತ್ತೆ ಮೊದಲಿನ ಜಾಗಕ್ಕೆ ಬಂದು, ತಳದ ನಡುವೆ ಬೆನ್ನೆಲುಬಿನಂತೆ ಉದ್ದಕ್ಕೂ ಎದ್ದಿದ್ದ ಏಣಿಗೆ ಆನಿಕೊಂಡು ತುಸು ತಗ್ಗಾಗಿದ್ದ ಕಡೆ ಮೆಲ್ಲಗೆ ಒತ್ತಿದಳು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಆಡಿದ ಹಾಗೆ ಆಡಿತು. ಊಟದ ತಟ್ಟೆಯಷ್ಟು ಅಗಲದ ಜಾಗ. ಏಣಿನ ಆ ಬದಿಯ ತಗ್ಗಿನಲ್ಲಿ ಇನ್ನೊಂದು, ಅದಕ್ಕಿಂತ ದೊಡ್ಡದು.

ಕಾರಣ ಯಾರೂ ಹೇಳಬೇಕಾಗಿರಲಿಲ್ಲ. ಅದು ತಾನೇ ಮಾಡಿದ ಕೆಲಸ ಎಂಬುದು ಆ ಶಬ್ದದ ಜೊತೆಗೇ ಗೊತ್ತಾಗಿತ್ತು.

ದೋಣಿಯನ್ನು ಅವಳ ಗಂಡ ಹನುಮಂತರಾಜು ಕುಣಿಗಲ್ಲಿನ ಗುಜರಿಯವನ ಹತ್ತಿರ ತೂಕಕ್ಕೆ ಕೊಂಡು ತಂದಿದ್ದ. ಯಾವುದೋ ಬೋಟಿಂಗ್ ಕ್ಲಬ್ಬಿನವರು ಬಿಸಾಡಿದ ಅಲ್ಯೂಮಿನಿಯಂ ದೋಣಿ. ಮೇಲೆ ಕೆಂಪು, ಅದರ ಕೆಳಗೆ ಹಸಿರು, ಅದರ ಕೆಳಗೆ ಬಿಳಿ, ಒಂದರ ಮೇಲೊಂದು ಬಳಿದು ಹೊಪ್ಪಳಿಕೆಯೆದ್ದ ಬಣ್ಣ. ಊರ ಕೆರೆಯ ಮೀನಿನ ಗುತ್ತಿಗೆ ಈ ಸಲ ಹನುಮಂತರಾಜು ಮತ್ತು ಅವನ ಜೊತೆಗಾರ ಕನಕರಾಜು ಇಬ್ಬರ ಪಾಲಿಗೆ ಬಂದಿತ್ತು. ಅದರ ಬೆನ್ನಿಗೇ, ಎಷ್ಟೋ ವರ್ಷದ ಮೇಲೆ, ಕೆರೆ ತುಂಬಿ ಕೋಡಿ ಬಿದ್ದಿತ್ತು. ಕೋಡಿ ಬಿದ್ದ ವರ್ಷ ಐವರು ಮುತ್ತೈದೆಯರು ಗಂಗಮ್ಮನಿಗೆ ಬಾಗಿನ ಕೊಡುವುದು ಆ ಊರಿನ ಪದ್ಧತಿ. ಹಿಂದೆಲ್ಲ ಏರಿಯ ಮೇಲೆ ನಿಂತೇ ಬಿಡುತ್ತಿದ್ದರು. ಹನುಮಂತರಾಜು ಮಾತ್ರ ಪಂಚಾಯ್ತಿ ಕಟ್ಟೆಯ ಮೇಲೆ ಎಲ್ಲರೆದುರು ಹೇಳಿಬಿಟ್ಟಿದ್ದ. "ಈ ಸಾರಿ ನಡುಗೆರೇಲಿ, ಬಾವಿ ಮ್ಯಾಲೆ ಬಿಡನ. ನಮ್ ದೋಣಿ ಐತಲ್ಲ."

ಬಾವಿಯೆಂದರೆ ಕೆರೆಯಂಗಳದ ಹಳೆಯ ಸೇದುವ ಬಾವಿ. ನೀರಿಲ್ಲದ ವರ್ಷಗಳಲ್ಲಿ ದನಗಾಹಿಗಳು ಅದರ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಈಗ ಆ ಕಟ್ಟೆಯ ಮೇಲೆಯೇ ಮೂರಾಳು ನೀರು, ಅದರ ಕೆಳಗೆ ಬಾವಿಯ ಆಳ ಬೇರೆ.

ಬಾಗಿನಕ್ಕೆ ಗೊತ್ತುಮಾಡಿದ್ದು ಬರುವ ಭಾನುವಾರ. ಹಳೆ ಬಣ್ಣ ಕೀಳುವ ರಿಮೂವರ್ ಡಬ್ಬಿಗೆ ತುಮಕೂರಿನ ಮಂಡಿಪೇಟೆಯಲ್ಲಿ ಹೇಳಿದ ರೇಟು ಕೇಳಿ ಹನುಮಂತರಾಜು ಬರೀ ರೆಡ್ ಆಕ್ಸೈಡು, ಒಂದು ಡಬ್ಬಿ ನೀಲಿ ಬಣ್ಣ, ಹತ್ತು ಹಾಳೆ ಉಪ್ಪುಕಾಗದ ತಂದಿದ್ದ. "ಉಜ್ಜು, ಬತ್ತದೆ" ಎಂದು ಹೇಳಿ ಬಲೆ ಹೊಲಿಸಲು ಗುಬ್ಬಿಗೆ ಹೋದವನು ಎರಡು ದಿನ ಅಲ್ಲೇ ಉಳಿದ. ನರಸಿಂಹಮ್ಮ ಒಂದೂವರೆ ದಿನ ಉಜ್ಜಿದಳು. ಅಂಗೈ ಸುಲಿಯಿತು. ಬಣ್ಣ ಬಿಟ್ಟದ್ದು ಒಂದು ಬಾಗಿಲಿನಷ್ಟು ಜಾಗವೂ ಇಲ್ಲ.

ಬಾಗಿಲು ಎಂದುಕೊಂಡ ಮೇಲೆಯೇ ಅವಳಿಗೆ ತನ್ನ ತವರು ನೆನಪಾದದ್ದು. ಅಲ್ಲಿ ಅವಳ ಅವ್ವ ಹಬ್ಬಕ್ಕೆ ಮೊದಲು ಬಾಗಿಲ ಹಳೆ ಬಣ್ಣ ಕೀಳುತ್ತಿದ್ದ ಬಗೆ ಬೇರೆ. ಸುಣ್ಣಕ್ಕೆ ಕಾಸ್ಟಿಕ್ ಸೋಡ ಕಲಸಿ, ಗಟ್ಟಿ ರಾಗಿ ಸಂಕಟಿಯ ಹದ ಮಾಡಿ, ಸಂಜೆ ಮೆತ್ತಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಮಲಗಿದರೆ ಬೆಳಿಗ್ಗೆ ಬಣ್ಣ ಬೇಯಿಸಿದ ಗೆಡ್ಡೆಯ ಸಿಪ್ಪೆಯಂತೆ ಬರುತ್ತಿತ್ತು. ನಿಟ್ಟೂರಿನ ಅಂಗಡಿಯಲ್ಲಿ ಸೋಡ ಸಿಕ್ಕಿತು. ಸುಣ್ಣ ಮನೆಯಲ್ಲೇ ಇತ್ತು. ಮಂಗಳವಾರ ಸಂಜೆ ಬಕೆಟ್ಟಿನಲ್ಲಿ ಕೋಲಿನಿಂದ ತಿರುವಿ, ತೆಂಗಿನ ಚಿಪ್ಪಿನಿಂದ ಎತ್ತಿ ದೋಣಿಯ ತಳಕ್ಕೆಲ್ಲ ಮೆತ್ತಿದಳು. ಬಾಗಿಲ ಮೇಲೆ ಅದು ಸುಮ್ಮನೆ ಕೂರುತ್ತಿತ್ತು. ಇಲ್ಲಿ ಉಕ್ಕಿತು. ಹಾಲುಕ್ಕಿದ ಹಾಗೆ ನೊರೆನೊರೆಯಾಗಿ ಉಕ್ಕಿ, ಮುಟ್ಟಲಾರದಷ್ಟು ಕಾದು, ಗಂಟಲು ಕಟ್ಟುವ ಹೊಗೆ ಎಬ್ಬಿಸಿತು. ಸೋಡ ಜೋರಾಗಿದೆ, ಒಳ್ಳೆಯದೇ ಆಯಿತು ಎಂದುಕೊಂಡು ಗೋಣಿಚೀಲ ಹೊದಿಸಿದಳು.

ಬೆಳಿಗ್ಗೆ ಮೂರು ಬಣ್ಣವೂ ಒಂದೇ ಪದರವಾಗಿ ಕೈಗೆ ಬಂತು. ಕೆಳಗಿನ ತಗಡು ಕಪ್ಪಿಟ್ಟಿತ್ತು. ಎಷ್ಟೋ ವರ್ಷದ ಕೊಳೆ ಇರಬೇಕೆಂದು ಹುಣಸೆಹಣ್ಣು ಹಾಕಿ ತಿಕ್ಕಿದಳು. ಏಣಿನ ಎರಡು ಬದಿಯ ತಗ್ಗಿನಲ್ಲಿ ಸುಣ್ಣದ ಸಂಕಟಿ ಮಡುಗಟ್ಟಿ ನಿಂತು ಒಣಗಿತ್ತು. ಅಲ್ಲಿ ಸಿಡುಬಿನ ಕಲೆಯಂಥ ಸಣ್ಣ ಗುಳಿಗಳು ಎದ್ದಿದ್ದವು. ರೆಡ್ ಆಕ್ಸೈಡನ್ನು ಅಲ್ಲಿ ಸ್ವಲ್ಪ ದಪ್ಪಗೆ ಬಳಿದು ಮುಚ್ಚಿದಳು.

ಬುಧವಾರ ಸಂಜೆ ಬಂದ ಹನುಮಂತರಾಜು ದೋಣಿಯ ಸುತ್ತ ಎರಡು ಸುತ್ತು ಬಂದ. "ಹೆಂಗ್ ಮಾಡ್ದೆ ಇದ್ನ?" ಎಂದ.

"ಉಜ್ಜಿದೆ" ಎಂದಳು ನರಸಿಂಹಮ್ಮ.

ಯಾಕೆ ಹಾಗೆಂದಳೋ. ಅವನ ಕಣ್ಣಲ್ಲಿ ಅಂಥ ಮೆಚ್ಚುಗೆಯನ್ನು ಅವಳು ಕಂಡು ಬಹಳ ಕಾಲವಾಗಿತ್ತು. ಆ ಒಂದು ಗಳಿಗೆಯಲ್ಲಿ ಸುಣ್ಣ, ಸೋಡ ಎಂದು ಶುರುಮಾಡಿದರೆ ಅದು ಕರಗಿಹೋಗುತ್ತದೆ ಅನ್ನಿಸಿತ್ತು. ಅವನು ಅವತ್ತೇ ಹೋಗಿ ಟೀ ಅಂಗಡಿಯಲ್ಲಿ ಸಾರಿದ. "ನಮ್ಮೋಳು ಬರೀ ಕೈಲಿ ಉಜ್ಜವ್ಳೆ ಕಣ್ರಲಾ. ಮೂರ್ ಜನ ಗಂಡಸ್ರು ವಾರ ಮಾಡೋ ಕೆಲ್ಸ."

ಈಗ ಶುಕ್ರವಾರ. ನರಸಿಂಹಮ್ಮ ಬಣ್ಣ ಹಚ್ಚುವುದನ್ನು ಮುಗಿಸಿದಳು. ನಿಲ್ಲಿಸಿದರೆ ಯಾಕೆ ಎಂದು ಯಾರಾದರೂ ಕೇಳಿಯಾರು ಎಂಬ ಭಯಕ್ಕೇ ಕೈ ಓಡಿತು. ಆ ಎರಡು ಜಾಗ ಬಂದಾಗ ಮಾತ್ರ ಬ್ರಷ್ಷನ್ನು ಮಗುವಿನ ನೆತ್ತಿ ಸವರುವಷ್ಟು ಹಗುರವಾಗಿ ಆಡಿಸಿದಳು.

ಮಧ್ಯಾಹ್ನ ಕನಕರಾಜು ಬಲೆಯ ಗುಂಡುಗಳನ್ನು ಕೊಡಲು ಬಂದಾಗ ಅವನ ಕೈ ಸೇರಿಸಿಕೊಂಡು ದೋಣಿಯನ್ನು ಮಗುಚಿ ಟೈರುಗಳ ಮೇಲೆ ನೆಟ್ಟಗೆ ಕೂರಿಸಿದಳು. "ಇಷ್ಟ್ ಬೇಗ ಒಣಗ್ತಾ ಅತ್ತಿಗೆ?" ಎಂದ ಅವನು. "ಒಳಗೆ ತೊಳೀಬೇಕು" ಎಂದಳು. ಅವನು ಹೋದ ಮೇಲೆ ನಲ್ಲಿಯ ಪೈಪು ಎಳೆದು ತಂದು ದೋಣಿಯೊಳಗೆ ನೀರು ಬಿಟ್ಟಳು. ಹೊಸ ಕೊಡ ಸೋರುತ್ತದೋ ಎಂದು ನೋಡುವುದೂ ಹೀಗೆಯೇ ಅಲ್ಲವೆ.

ಮೊಣಕಾಲುದ್ದ ನೀರಾದ ಮೇಲೆ ಪೈಪು ತೆಗೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೈರುಗಳ ನಡುವೆ ಅಂಗಾತ ಮಲಗಿ, ದೋಣಿಯ ತಳವನ್ನು ನೋಡತೊಡಗಿದಳು. ಮೊದಲಿಗೆ ಏನೂ ಇಲ್ಲ. ನೀಲಿ ಬಣ್ಣ ಮುಖಕ್ಕೆ ಅಷ್ಟು ಹತ್ತಿರ, ಅದರ ವಾಸನೆ ಮೂಗಿಗೆ ಅಡರುತ್ತಿತ್ತು. ಹತ್ತು ನಿಮಿಷವಾಗಿರಬಹುದು. ಎದೆ ಸ್ವಲ್ಪ ಹಗುರವಾಗುತ್ತಿತ್ತು. ಆಗ ಏಣಿನ ಪಕ್ಕದಲ್ಲಿ ಬಣ್ಣ ಮೆಲ್ಲಗೆ ಉಬ್ಬಿತು.

ಅವಳು ಕಣ್ಣು ಮಿಟುಕಿಸಲಿಲ್ಲ. ಅವರೆಕಾಳಿನಷ್ಟು ಇದ್ದದ್ದು ನೆಲ್ಲಿಕಾಯಿಯಷ್ಟಾಯಿತು. ಬೆಂಕಿ ತಾಗಿದ ಚರ್ಮದ ಮೇಲೆ ಏಳುವ ಬೊಬ್ಬೆಯ ಹಾಗೆ, ಒಳಗೆ ನೀರು ತುಂಬಿಕೊಂಡು ಜೋತುಬಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಮತ್ತೊಂದು. ಒಂದು ತೊಟ್ಟೂ ಕೆಳಗೆ ಬೀಳಲಿಲ್ಲ. ಬೆರಳ ತುದಿಯಿಂದ ಮುಟ್ಟಿದಳು. ಮೆತ್ತಗಿತ್ತು. ಅಲ್ಲಿ ತಗಡು ಇರಲಿಲ್ಲ. ಅಷ್ಟೂ ನೀರನ್ನು ತಡೆದು ಹಿಡಿದದ್ದು ತಾನು ಬೆಳಿಗ್ಗೆ ಟರ್ಪಂಟೈನ್ ಬೆರೆಸಿ ಬಳಿದ ಬಣ್ಣ.

ನರಸಿಂಹಮ್ಮ ತೆವಳಿಕೊಂಡು ಹೊರಗೆ ಬಂದಳು. ಹಿಂಬದಿಯ ಬಿರಡೆ ಕಿತ್ತು ನೀರು ಬಿಟ್ಟುಬಿಟ್ಟಳು. ನೀರು ಹಿತ್ತಿಲ ಬಾಳೆಗಿಡಗಳ ಕಡೆ ಹರಿಯುವುದನ್ನು ನೋಡುತ್ತ ನಿಂತಳು. ನಡುಗೆರೆ ಅವಳ ಕಣ್ಣ ಮುಂದೆ ಬಂತು. ಐದು ಜನ ಹೆಂಗಸರು, ಹುಟ್ಟು ಹಾಕುವ ಇಬ್ಬರು ಗಂಡಸರು. ಬಾಗಿನ ಬಿಡಲು ಐವರೂ ಒಂದೇ ಕಡೆಗೆ ಬಾಗುತ್ತಾರೆ. ರೇಷ್ಮೆ ಸೀರೆ ನೀರಲ್ಲಿ ನೆನೆದರೆ ಎಷ್ಟು ಭಾರ ಎಂಬುದು ಕೆರೆಯ ಪಕ್ಕದಲ್ಲಿ ಹುಟ್ಟಿ ಬೆಳೆದ ಅವಳಿಗೆ ಗೊತ್ತಿತ್ತು. ಆ ಐವರಲ್ಲಿ ಮೊದಲನೆಯ ಮೊರ ಹಿಡಿಯಬೇಕಾದವಳು ಅವಳ ಮಗಳು ಮೋನಿಕಾ. ಮನೆಯ ದೋಣಿ, ಮನೆಯ ಹೊಸ ಮದುವಣಗಿತ್ತಿ ಎಂದು ಎಲ್ಲರೂ ಸೇರಿ ಆರಿಸಿದ್ದರು.

ಅವತ್ತು ಸಂಜೆ ಹನುಮಂತರಾಜು, ಕನಕರಾಜು ಇಬ್ಬರೂ ಜಗಲಿಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ನರಸಿಂಹಮ್ಮ ಟೀ ಕೊಟ್ಟು ಒಳಗೆ ಹೋಗದೆ ಬಾಗಿಲಿಗೆ ಆನಿಕೊಂಡು ನಿಂತಳು.

"ಇಲ್ನೋಡಿ. ದೋಣಿ ತಳ ಒಂದ್ ಕಡೆ ತೆಳ್ಳಗಾಗೈತೆ."

"ಅಲ್ಯೂಮಿನಿಯಂ ಅಲ್ವೇನಮ್ಮಿ, ತೆಳ್ಳಗೇ ಇರ್ತದೆ. ಅದ್ಕೇ ತೇಲದು" ಎಂದ ಹನುಮಂತರಾಜು.

"ಹಂಗಲ್ಲ. ನಾನು ಸೋಡ ಹಾಕಿದ್ದೆ."

"ಯಾವ್ ಸೋಡ?"

"ಬಣ್ಣ ಕೀಳಕ್ಕೆ. ಸುಣ್ಣ, ಕಾಸ್ಟಿಕ್ ಸೋಡ. ರಾತ್ರಿಯೆಲ್ಲ ಬುಟ್ಟಿದ್ದೆ. ಅದು ತಗಡು ತಿಂದೈತೆ. ನೀರ್ ಹಾಕಿ ನೋಡ್ದೆ, ಬಣ್ಣ ಬೊಬ್ಬೆ ಬಂತು."

ಕನಕರಾಜು ಬಾಯಲ್ಲಿದ್ದ ಮಂಡಕ್ಕಿ ಸಿಡಿಯುವಂತೆ ನಕ್ಕ. "ಅತ್ತಿಗೆ, ಸೋಡ ಕೊಳೆ ತಿಂತದೆ, ತಗಡು ತಿಂತದಾ? ನಮ್ಮನೇಲಿ ಹನುಮಮ್ಮ ಮೂವತ್ ವರ್ಷದಿಂದ ಅನ್ನದ ಡಬರಿನ ಸೋಡದಾಗೇ ತಿಕ್ತಾವ್ಳೆ. ಡಬರಿ ಹಂಗೇ ಐತೆ. ತಿಕ್ಕೋಳು ಸವೆದವ್ಳೆ."

ಹನುಮಂತರಾಜು ನಗಲಿಲ್ಲ. "ಅಂದ್ರೆ ಕೈಲಿ ಉಜ್ಜಿಲ್ವ ನೀನು?" ಎಂದ.

ಅವನಿಗೆ ಕೇಳಿಸಿದ್ದು ಅದೊಂದೇ ಎಂದು ಅವಳಿಗೆ ತಿಳಿಯಿತು. "ಮೊದ್ಲು ಉಜ್ಜಿದ್ದೆ" ಎಂದಳು.

ಅವನು ಟಾರ್ಚ್ ಹಿಡಿದು ಹಿತ್ತಿಲಿಗೆ ಬಂದ. ಬಗ್ಗಿ ತಳ ನೋಡಿದ. ಬೊಬ್ಬೆಗಳು ಬತ್ತಿ ಬಣ್ಣ ಮತ್ತೆ ತಗಡಿಗೆ ಅಂಟಿಕೊಂಡಿತ್ತು. ಹತ್ತಿರದಿಂದ ನೋಡಿದರೂ ಸಣ್ಣ ಸುಕ್ಕಿನ ಹಾಗೆ ಕಾಣುತ್ತಿತ್ತು, ಅಷ್ಟೆ. ಬೆರಳ ಗಿಣ್ಣಿನಿಂದ ದೋಣಿಯ ಪಕ್ಕೆಗೆ ಎರಡು ಸಲ ಬಡಿದ. ಅದು ಗಂಟೆಯ ಹಾಗೆ ಮೊಳಗಿತು.

"ಎಲ್ಲೈತೆ ತೂತು?"

ಅವಳು ಜಾಗ ತೋರಿಸಿ ಒತ್ತಿದಳು. ಟಕ್ ಎಂದಿತು.

"ಈ ತಗಡೇ ಹಂಗೆ ಕಣಮ್ಮಿ, ಒತ್ತಿದ್ರೆ ಟಕ್ ಅಂತದೆ. ಬಣ್ಣಕ್ಕೆ ನೀನ್ ಟರ್ಪಂಟೈನ್ ಜಾಸ್ತಿ ಹಾಕಿದೀಯ, ಅದ್ಕೆ ಸುಕ್ಕು ಬಂದೈತೆ. ಹಂಗೂ ಒಂದ್ ತೊಟ್ಟು ಬಂದ್ರೆ ಎಂ-ಸೀಲ್ ಮೆತ್ತಿದ್ರಾಯ್ತು."

"ಹಂಗಾದ್ರೆ ನಾಳೆ ಒಂದ್ಸಾರಿ ಕೆರೇಲಿ ತೇಲ್ಸಿ ನೋಡ್ರಿ. ದಡದ ತಾವೇ."

"ತಿಪ್ಪಯ್ಯ ಏನಂದವ್ನೆ ಗೊತ್ತಿಲ್ವ? ಪೂಜೆ ಆಗೋಗಂಟ ದೋಣಿ ನೀರು ಮುಟ್ಟಂಗಿಲ್ಲ." ತಿಪ್ಪಯ್ಯ ಗಂಗಮ್ಮನ ಗುಡಿಯ ಪೂಜಾರಿ. ಅವನ ಮಾತು ಮೀರಿ ಊರಲ್ಲಿ ನೀರಿಗೆ ಬಲೆ ಸಹ ಬೀಳುತ್ತಿರಲಿಲ್ಲ. ಹನುಮಂತರಾಜು ಟಾರ್ಚ್ ಆರಿಸಿದ. ಹೋಗುವಾಗ ದನಿ ತಗ್ಗಿಸಿ ಹೇಳಿದ. "ಸೋಡದ ಇಸ್ಯ ಯಾರ್ ತಾವೂ ಬಾಯ್ ಬುಡ್ಬೇಡ. ನಾನು ಊರ್ಗೆಲ್ಲ ಹೇಳಿವ್ನಿ."

ಅವಳು ಅವನನ್ನು ಕೆಟ್ಟವನೆಂದು ಎಂದೂ ಅಂದುಕೊಂಡವಳಲ್ಲ. ಆ ದೋಣಿಯಲ್ಲಿ ತನ್ನ ಮಗಳನ್ನು ಕೂರಿಸಿಕೊಂಡು ತಾನೇ ಹುಟ್ಟು ಹಾಕಲಿದ್ದವನು ಅವನು. ಅವನಿಗೆ ಭಯವಿಲ್ಲದಿದ್ದದ್ದೇ ಅವಳ ಭಯವನ್ನು ಇನ್ನಷ್ಟು ಹೆಚ್ಚಿಸಿತು. ಒಬ್ಬಳೇ ಹೊತ್ತ ಭಯ ಅದು, ಇಳಿಸಲು ಜಾಗವಿಲ್ಲ. ಊಟದ ತಟ್ಟೆಯ ಮುಂದೆ ಕೂತವಳು ಅನ್ನವನ್ನು ಹಾಗೆಯೇ ಮುಚ್ಚಿಟ್ಟು ಎದ್ದಳು.

ಶನಿವಾರ ಬೆಳಿಗ್ಗೆ ತುಮಕೂರಿನಿಂದ ಮೋನಿಕಾ ಬಂದಳು. ಗಂಡ ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಭಾನುವಾರ ಬರುವವನಿದ್ದ. ಬಂದವಳು ಚೀಲ ಇಡುವ ಮೊದಲು ಹಿತ್ತಿಲಿಗೆ ಹೋಗಿ ದೋಣಿ ನೋಡಿ ಬಂದಳು.

"ಅಮ್ಮ, ಎಷ್ಟ್ ಚೆನ್ನಾಗ್ ಮಾಡಿದೀಯ. ಅಪ್ಪ ಫೋನಲ್ಲಿ ನಂಗೆ ನಾಕ್ ಸಲ ಹೇಳಿದ್ರು." ಆಮೇಲೆ ಅಡಿಗೆಮನೆಯ ಕಟ್ಟೆಯ ಮೇಲೆ ಕೂತು ಕಾಲು ಆಡಿಸುತ್ತ, "ಏನೂ ಆಗಲ್ಲ ಅಲ್ವಾಮ್ಮ? ನಂಗೆ ಆ ಬಾವಿ ಅಂದ್ರೇನೇ ಒಂಥರಾ" ಎಂದಳು.

"ಏನೂ ಆಗಲ್ಲ" ಎಂದಳು ನರಸಿಂಹಮ್ಮ. ತನ್ನ ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ದಿಗಿಲಾಯಿತು. ಕೈಯಲ್ಲಿದ್ದ ಸೌಟು ಕೆಳಗಿಟ್ಟು ಮಗಳ ಹತ್ತಿರ ಬಂದು ಪಿಸುದನಿಯಲ್ಲಿ ಹೇಳಿದಳು. "ಮೋನಿ, ನಾನೊಂದ್ ಹೇಳ್ತೀನಿ, ಯಾಕೆ ಅಂತ ಕೇಳ್ಬೇಡ. ನೀನು ಹೊರಗಾಗಿದೀಯ ಅನ್ನು."

"ನನ್ ಡೇಟ್ ಇನ್ನೂ ಹತ್ತು ದಿನ ಐತಲ್ಲಮ್ಮ."

"ಇರ್ಲಿ. ಇವತ್ತೇ ಆಯ್ತು ಅನ್ನು. ಜಗಲಿ ಮೇಲೆ ಹೋಗಿ ಚಾಪೆ ಹಾಸ್ಕೊಂಡ್ ಕೂತ್ಕೊ."

ಮೋನಿಕಾ ಅಮ್ಮನ ಮುಖವನ್ನೇ ನೋಡಿದಳು. ಮದುವೆಯಾದ ಮೇಲೆ ಅಮ್ಮನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು. "ನಾನ್ ಹೆದರ್ಕೋತೀನಿ ಅಂತ ತಾನೇ? ಆದ್ರೂ ಗಂಗಮ್ಮನ ವಿಷ್ಯದಲ್ಲಿ ಸುಳ್ಳು ಹೇಳಿದ್ರೆ ಅವಳು ಸುಮ್ನಿರ್ತಾಳಾ?"

"ಅವಳ ತಾವ ನಾನ್ ಮಾತಾಡ್ತೀನಿ. ನೀನು ಎದ್ದೋಗು."

ಮಗಳು ಹೋಗಿ ಜಗಲಿಯ ಮೂಲೆಯಲ್ಲಿ ಕೂತಳು. ಹನುಮಂತರಾಜುವಿಗೆ ವಿಷಯ ತಿಳಿದಾಗ ಮುಖ ಗಂಟಿಕ್ಕಿಕೊಂಡ, ಆದರೆ ಅದು ಗಂಡಸರು ಪ್ರಶ್ನೆ ಕೇಳುವ ವಿಷಯವಾಗಿರಲಿಲ್ಲ. ನರಸಿಂಹಮ್ಮ ಮಗಳಿಗೆ ಬೇರೆ ತಟ್ಟೆಯಲ್ಲಿ ಉಪ್ಪಿಟ್ಟು ಕೊಟ್ಟು ಬಂದಳು. ಒಳಗೆ ಬಂದು ತಾನೂ ಹಾಕಿಕೊಂಡು ತಿಂದಳು. ಎರಡನೇ ಸಲವೂ ಹಾಕಿಕೊಂಡಳು. ನಿನ್ನೆಯಿಂದ ಸರಿಯಾಗಿ ಉಂಡಿರಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿದರೆ ನಿದ್ದೆಯೂ ಬಂತು.

ಎಚ್ಚರವಾದದ್ದು ಕನಕರಾಜುವಿನ ಹೆಂಡತಿ ಹನುಮಮ್ಮನ ಮಾತಿಗೆ. ಬಾಗಿನ ಕೊಡುವ ಐವರಲ್ಲಿ ಅವಳೂ ಒಬ್ಬಳು. ಜಗಲಿಯ ಮೇಲೆ ಕೂತು ಮೋನಿಕಾಳನ್ನು ಛೇಡಿಸುತ್ತಿದ್ದಳು. "ನೋಡ್ದೇನೇ, ನಿಂಗೆ ಬರಬೇಕು ಅಂದ್ರೆ ಇವತ್ತೇ ಬರ್ಬೇಕಿತ್ತಾ? ಕೆರೆ ಕೋಡಿ ಬಿದ್ದಿರೋದ್ ನೋಡಿ ಅದ್ಕೂ ಆಸೆ ಆಯ್ತೇನೋ."

ನರಸಿಂಹಮ್ಮ ಹೊರಗೆ ಬಂದಳು. ಹನುಮಮ್ಮ ಅವಳ ಕೈ ಹಿಡಿದು ಕೂರಿಸಿಕೊಂಡಳು. "ನೀನ್ ಬ್ಯಾಸರ ಮಾಡ್ಕಬೇಡ ಕಣಕ್ಕ. ಹೊಸ ಮದುವಣಗಿತ್ತಿ ಇಲ್ದಿದ್ರೆ ಹೆಂಗೆ ಅಂತ ತಿಪ್ಪಯ್ಯ ಗೊಣಗ್ತಿದ್ದ. ನಮ್ ಸೊಸೆ ಐತಲ್ಲ ಯಶಸ್ವಿನಿ, ಅದೂ ಮದ್ವೆಯಾಗಿ ಆರೇ ತಿಂಗ್ಳು. ಮೋನಿಕಾ ಜಾಗದಾಗೆ ಅದ್ನೇ ಕೂರ್ಸದು ಅಂತಾಯ್ತು. ಮೊರಕ್ಕೆ ಮಾತ್ರ ನಿಮ್ಮನೆ ಅರಿಶಿನಾನೇ ಇಕ್ಕು."

ಗೇಟಿನ ಹತ್ತಿರ ನಿಂತಿದ್ದ ಯಶಸ್ವಿನಿ ಆಗ ಓಡುತ್ತಲೇ ಒಳಗೆ ಬಂದಳು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಕೈತುಂಬ ಹಸಿರು ಬಳೆ ಆಗಲೇ ತೊಡಿಸಿಕೊಂಡಿದ್ದಳು. ನರಸಿಂಹಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

"ದೊಡ್ಡತ್ತೆ, ನಾನ್ ಇದುವರ್ಗೂ ದೋಣೀಲಿ ಕೂತೇ ಇಲ್ಲ. ಸಿ.ಎಸ್. ಪುರದ ಕಡೆ ನಮ್ಮೂರಲ್ಲಿ ಕಟ್ಟೆ ನೀರು ಮಂಡಿಗೂ ಬರಲ್ಲ. ಈಜಂತೂ ಕೇಳ್ಲೇಬೇಡಿ. ಬಿದ್ರೆ ಯಾರ್ ಎತ್ತೀರಾ ಈಗ್ಲೇ ಹೇಳ್ಬುಡಿ."

"ನಿನ್ ಬಳೆ ಸದ್ದಿಗೇ ಮೀನೆಲ್ಲ ಓಡೋಗ್ತವೆ, ಬಿದ್ರೆ ನೀನೇ ಎದ್ ಬಾ" ಎಂದು ಅವಳ ಅತ್ತೆ ಅಂದಳು. ಜಗಲಿಯ ಮೂಲೆಯಿಂದ ಮೋನಿಕಾ ಕೂಡ ನಕ್ಕಳು.

ನರಸಿಂಹಮ್ಮ ಹುಡುಗಿಯ ನೆತ್ತಿಯ ಮೇಲೆ ಕೈ ಇಟ್ಟಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ತಲೆ. ತಾನು ಇಷ್ಟು ಹೊತ್ತು ಮಲಗಿ ನಿದ್ದೆ ಮಾಡಿದ್ದು ಈ ಹುಡುಗಿಯ ಜೀವದ ಮೇಲೆ ಎಂದು ಅವಳಿಗೆ ಹೊಳೆಯಿತು. ಮಗಳ ಜಾಗ ಖಾಲಿಯಾಗಿ ಉಳಿಯುತ್ತದೆ ಎಂದು ಯಾವ ಲೆಕ್ಕದಲ್ಲಿ ಅಂದುಕೊಂಡಿದ್ದಳು? ಮಗಳಿಲ್ಲದಿದ್ದರೆ ಸೊಸೆ, ಸೊಸೆಯಿಲ್ಲದಿದ್ದರೆ ಇನ್ನೊಬ್ಬರ ಮಗಳು. ಹನುಮಮ್ಮನಂತೂ ಇದ್ದೇ ಇದ್ದಳು. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ನರಸಿಂಹಮ್ಮ ಅವಳ ಜೊತೆಗೇ ಹುಣಸೆಹಣ್ಣು ಕುಟ್ಟಿದ್ದಳು, ಅವಳ ಹೆರಿಗೆಯಲ್ಲಿ ಬಿಸಿನೀರು ಕಾಯಿಸಿದ್ದಳು. ನಿನ್ನೆಯಿಂದ ಒಂದು ಸಲವಾದರೂ ದೋಣಿಯಲ್ಲಿ ಹನುಮಮ್ಮನ ಮುಖ ತನಗೆ ಕಾಣಲಿಲ್ಲವಲ್ಲ.

"ಹನುಮಮ್ಮ" ಎಂದಳು. "ಏರಿ ಮ್ಯಾಲೆ ನಿಂತೇ ಬುಟ್ರೆ ಆಗಲ್ವಾ, ಮೊದ್ಲಿನಂಗೆ?"

"ಯಾಕಕ್ಕ?"

"ದೋಣಿ ತಳ..." ಎಂದು ಶುರುಮಾಡಿದಳು.

"ಹೂಂ, ನಮ್ಮೆಜಮಾನ್ರು ಅಂದ್ರು. ಸೋಡ ತಿಂದ್ಬುಟ್ಟೈತೆ ಅಂತಿದಾಳೆ ಅತ್ತಿಗೆ, ನಿನ್ ಡಬರಿ ತೋರ್ಸು ಹೋಗಿ ಅಂತ ನಗಾಡಿದ್ರು." ಹನುಮಮ್ಮ ಅವಳ ಭುಜಕ್ಕೆ ಮೆಲ್ಲಗೆ ತಟ್ಟಿದಳು. "ದೊಡ್ ಕೆಲ್ಸ ಮಾಡಿದ್ ಮ್ಯಾಲೆ ಹಂಗೇ ಕಣಕ್ಕ, ಕಣ್ಣು ಬೀಳತ್ತೆ ಅಂತ ಭಯ ಆಯ್ತದೆ. ದೋಣಿಗೂ ನಿಂಗೂ ಸೇರ್ಸಿ ಸಂಜೆ ಒಂದ್ ದೃಷ್ಟಿ ತೆಗ್ದುಬುಡು."

ಅತ್ತೆ ಸೊಸೆ ಎದ್ದು ಹೋದರು. ಆಮೇಲೆ ಮಧ್ಯಾಹ್ನವೆಲ್ಲ ಜನ ಬಂದು ಹೋದರು. ಯಾರೋ ದೋಣಿಯ ಮೂತಿಗೆ ಮಾವಿನ ತೋರಣ ಕಟ್ಟಿದರು. ನಂಬರ್ ಪ್ಲೇಟ್ ಅಂಗಡಿಯವನು ಹಳದಿ ಅಕ್ಷರದಲ್ಲಿ ಗಂಗಾಮಾತೆ ಎಂದು ಸ್ಟಿಕ್ಕರ್ ಅಂಟಿಸಿ ಹೋದ. ದೋಣಿ ನೆಟ್ಟಗೆ ಕೂತಿದ್ದರಿಂದ ತಳ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬಂದವರೆಲ್ಲ ಪಕ್ಕೆಗೆ ಬಡಿದು, ಅದು ಮೊಳಗುವುದನ್ನು ಕೇಳಿ, ತಲೆದೂಗಿ ಹೋದರು. ಒಬ್ಬೊಬ್ಬರು ಬಡಿದಾಗಲೂ ನರಸಿಂಹಮ್ಮ ಬಚ್ಚಲಮನೆಯ ಬಾಗಿಲಲ್ಲಿ ಉಸಿರು ಹಿಡಿದು ನಿಲ್ಲುತ್ತಿದ್ದಳು. ಭಯದ ಜೊತೆಗೆ ಒಂದು ಆಸೆಯೂ ಇತ್ತು, ಯಾರದಾದರೂ ಕೈ ಒಳಗೆ ಹೋಗಬಾರದೇ ಎಂದು. ಪಕ್ಕೆ ಮಾತ್ರ ಕಲ್ಲಿನಂತೆ ಗಟ್ಟಿಯಾಗಿತ್ತು. ಸುಣ್ಣ ಸೋಡ ಅಲ್ಲಿ ನಿಲ್ಲದೆ ಜಾರಿಹೋಗಿತ್ತು.

ಸಂಜೆ ಹನುಮಂತರಾಜು, ಕನಕರಾಜು, ಇನ್ನೂ ನಾಲ್ಕು ಜನ ಗಂಡಸರು ಕೆರೆಯ ದಡದಲ್ಲಿ ಬೆಳೆದಿದ್ದ ಅಂತರಗಂಗೆಯ ಗಿಡ ಕಿತ್ತು ದಾರಿ ಬಿಡಿಸಲು ಹೋದರು. ಬೆಳಿಗ್ಗೆ ಏಳಕ್ಕೆ ಟ್ರ್ಯಾಕ್ಟರ್ ಬಂದು ದೋಣಿ ಹೇರಿಕೊಂಡು ಹೋಗುವುದೆಂದು ಗೊತ್ತಾಗಿತ್ತು. ಮೋನಿಕಾ ಜಗಲಿಯ ಮೇಲೆ ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನರಸಿಂಹಮ್ಮ ದೀಪ ಹಚ್ಚಿ ಹಿತ್ತಿಲಿಗೆ ಬಂದಳು.

ಇನ್ನೂ ಬೆಳಕಿತ್ತು. ನೀಲಿ ಬಣ್ಣ ಆ ಬೆಳಕಿನಲ್ಲಿ ಬಹಳ ಚೆಂದ ಕಾಣುತ್ತಿತ್ತು. ಅವಳ ಬದುಕಿನಲ್ಲಿ ಅವಳ ಕೈಯಿಂದಾದ ಯಾವ ಕೆಲಸವನ್ನೂ ನಾಲ್ಕು ಜನ ಬಂದು ನೋಡಿ ಹೋದದ್ದಿಲ್ಲ. ಮಾಡಿದ ಅಡಿಗೆ ಉಂಡು ಮುಗಿಯುತ್ತಿತ್ತು, ಸಾರಿಸಿದ ನೆಲ ಸಂಜೆಗೆ ಮಾಸುತ್ತಿತ್ತು. ಇದೊಂದು ಉಳಿದಿತ್ತು.

ಬೆರಳ ತುದಿಯಿಂದ ಒಂದು ಬೊಬ್ಬೆ ಒಡೆದರೆ ಸಾಕೆ ಎಂದು ಯೋಚಿಸಿದಳು. ಸಾಲದು. ಸಣ್ಣ ತೂತು ಕಂಡರೆ ಎಂ-ಸೀಲ್ ಮೆತ್ತುತ್ತಾರೆ, ಮೇಲೆ ಬಣ್ಣ ಬಳಿಯುತ್ತಾರೆ, ಹೆದರಬೇಡ ಎಂದು ತನಗೇ ಸಮಾಧಾನ ಹೇಳಿ ಹೊರಡುತ್ತಾರೆ. ಬಾಯಲ್ಲಿ ಹೇಳಿದ್ದನ್ನು ಮೂವರೂ ತಳ್ಳಿಹಾಕಿದ್ದಾಗಿತ್ತು. ಯಾರೂ ನಗಲಾರದಂಥ ತೂತು ಬೇಕು. ಮೆತ್ತಿ ಮುಚ್ಚಲಾಗದಂಥದ್ದು, ದೂರದಿಂದ ನೋಡಿದರೂ ಕೆಳಗಿನ ನೆಲ ಕಾಣುವಂಥದ್ದು.

ದೋಣಿಯ ಅಂಚು ಹಿಡಿದು ಒಳಗೆ ಬಗ್ಗಿ ನೋಡಿದಳು. ಒಳಗಿನಿಂದ ಆ ಜಾಗ ಬೇರೆಯಾಗಿ ಕಾಣುತ್ತಿರಲಿಲ್ಲ, ಆದರೂ ಅವಳಿಗೆ ಗೊತ್ತಿತ್ತು. ಹಿಂಬದಿಯ ಕೂರುವ ಹಲಗೆಯಿಂದ ಒಂದೂವರೆ ಮೊಳ, ಏಣಿನ ಎಡಕ್ಕೆ. ತನ್ನ ತೂಕ ಅರವತ್ತು ಕೇಜಿಯ ಮೇಲಿದೆ. ಹಲಗೆಯ ಮೇಲೆ ನಿಂತು, ಅಲ್ಲಿಂದ ಎರಡೂ ಕಾಲು ಜೋಡಿಸಿ ಆ ಜಾಗದ ಮೇಲೆ ಧುಮುಕಿದರೆ ತಗಡು ತಾಳುವುದಿಲ್ಲ. ಕಾಲು ಕುಯ್ದೀತು. ಕುಯ್ಯಲಿ. ಅಷ್ಟಕ್ಕೂ ತಾಳಿದರೆ ಬಲಗಡೆಯ ದೊಡ್ಡ ಜಾಗ ಇದೆ. ಎರಡೂ ತಾಳಿಬಿಟ್ಟರೆ ತನ್ನದೇ ತಪ್ಪು ಲೆಕ್ಕ, ಆಗ ಹೆದರಬೇಕಾಗಿಲ್ಲ.

ಬೆಳಿಗ್ಗೆ ಐದೂವರೆಗೆ ಗಂಡಸರು ಪಂಪ್‌ಸೆಟ್ಟಿಗೆ ಸ್ನಾನಕ್ಕೆ ಹೋಗುತ್ತಾರೆ. ಬರುವುದು ಆರೂಕಾಲಕ್ಕೆ. ಅಷ್ಟರಲ್ಲಿ ಆಗಬೇಕು. ಪೂಜೆಗೆ ಮೊದಲು ದೋಣಿಯೊಳಗೆ ಒರೆಸಲು ಹತ್ತಿದೆ ಎಂದರಾಯಿತು.

ಆಮೇಲೆ ಏನೇನು ಬರುತ್ತದೆ ಎಂಬುದನ್ನು ಒಂದೊಂದಾಗಿ ಕಣ್ಣ ಮುಂದೆ ತಂದುಕೊಂಡಳು. ಗಂಡನ ಮುಖ. ಟೀ ಅಂಗಡಿಯ ನಗು. ಪೂಜೆಗೆ ಮೊದಲೇ ಗಂಗಮ್ಮನ ದೋಣಿಗೆ ಹೆಂಗಸು ಕಾಲಿಟ್ಟಳು, ಒಡೆಯಿತು ಎಂದು ತಿಪ್ಪಯ್ಯ ಹೇಳದೆ ಬಿಡುವುದಿಲ್ಲ. ಹೊರಗಾದ ಮಗಳನ್ನು ಮನೆಯಲ್ಲಿಟ್ಟುಕೊಂಡು ದೋಣಿಗೆ ತೋರಣ ಕಟ್ಟಿದರು ಎಂದು ಇನ್ನೊಬ್ಬರು ಸೇರಿಸುತ್ತಾರೆ. ಮೋನಿಕಾಳ ಮೇಲೆ ಆ ಮಾತು ಬೀಳುವುದು ನೆನೆದಾಗ ಮಾತ್ರ ಅವಳಿಗೆ ಹಲ್ಲು ಕಚ್ಚುವ ಹಾಗಾಯಿತು. ಆ ಸುಳ್ಳು ಕೂಡ ತನ್ನದೇ. ಊರು ಕೋಡಿಯ ನೆನಪಿದ್ದಷ್ಟು ಕಾಲ ಇದನ್ನೂ ನೆನೆಯುತ್ತದೆ. ನೆನೆಯಲಿ ಎಂದುಕೊಂಡಳು. ಭಯ ಹೋಗಿರಲಿಲ್ಲ. ಆದರೆ ಈಗ ಅದಕ್ಕೆ ಐದೂವರೆ ಗಂಟೆ ಎಂಬ ಹೊತ್ತು ಗೊತ್ತಾಗಿತ್ತು.

ಗೇಟಿನ ಹತ್ತಿರ ಬಳೆಗಳ ಸದ್ದಾಯಿತು. ಯಶಸ್ವಿನಿ ಒಳಗೆ ಬರದೆ ಅಲ್ಲಿಂದಲೇ ಕೇಳಿದಳು.

"ದೊಡ್ಡತ್ತೆ, ನಾಳೆ ಎಷ್ಟೊತ್ತಿಗೆ ರೆಡಿಯಾಗಿ ಬರ್ಲಿ? ಅತ್ತೆ ಆರಕ್ಕೇ ಹೋಗು ಅಂತಿದಾರೆ."

ನರಸಿಂಹಮ್ಮ ದೋಣಿಯ ಅಂಚಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

"ಏಳಕ್ ಬಾ ಕಣವ್ವ" ಎಂದಳು. "ಏನೂ ಅವಸರ ಇಲ್ಲ."